ಭರಣಿ ಮಳೆಗೆ ಮುಂಚೆ ಪುಟ್ಟಿಗೊಂದು ಕಾಗದ

ತುಮಕೂರು
ಯುಗಾದಿ ಕಳೆದ ಮೂರನೇ ದಿನ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ಅಳಿಯಂದಿರು, ಮಗು ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ.

ಮೊನ್ನೆ ಫೋನಿನಲ್ಲಿ ತೋಟಕ್ಕೆ ತರಿಸುವ ಸಾಮಾನಿನ ಪಟ್ಟಿ ಓದಿದೆಯಲ್ಲ, ಅವತ್ತಿನಿಂದ ಅದೇ ಯೋಚನೆ ನನಗೆ. ಡ್ರಿಪ್ ಪೈಪು, ನೆಲಕ್ಕೆ ಹೊದಿಸುವ ಮಲ್ಚಿಂಗ್ ಶೀಟು, 120 ಹಣ್ಣಿನ ಗಿಡ, ಎರಡು ಸೀಮೆಹಸು. ನಿನ್ನ ಉತ್ಸಾಹ ಕೇಳಿ ಕಣ್ಣು ತುಂಬಿ ಬಂತು. ನಿಮ್ಮಜ್ಜ ಕಟ್ಟಿಸಿದ ಮನೆಗೆ ಬೀಗ ಬಿದ್ದು ಆರು ವರ್ಷ ಆಗಿತ್ತು. ಈಗ ಅಲ್ಲಿ ಸಂಜೆ ದೀಪ ಹಚ್ಚುವವರಿದ್ದಾರೆ. ಅದಕ್ಕಿಂತ ಇನ್ನೇನು ಬೇಕು ನನಗೆ? ಆದರೆ ಪಟ್ಟಿ ಉದ್ದವಾಯಿತು ಪುಟ್ಟಿ. ಆ ತೋಟದಲ್ಲಿ ಹುಟ್ಟಿ ಬೆಳೆದವಳು ನಾನು. ನಿಮ್ಮ ಮಾವ ತೀರಿಕೊಂಡ ಮೇಲೆ ವಾಪಸ್ ಬಂದು 22 ವರ್ಷ ನೋಡಿಕೊಂಡವಳು. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ.

ಮೊದಲನೆಯದು, ಮಳೆ ಬೀಳುವವರೆಗೆ ಏನೂ ತರಿಸಬೇಡ. ಇನ್ನೊಂದು ತಿಂಗಳಿಗೆ ಭರಣಿ ಮಳೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ನಿಮ್ಮಜ್ಜ ಹೇಳುತ್ತಿದ್ದರು. ಮಳೆ ಬಂದ ದಿನ ಒಳಗೇ ಕೂರಬೇಡ. ಗುಡುಗು ಸಿಡಿಲು ಪೂರ್ತಿ ನಿಂತ ಮೇಲೆ, ಮಾಡಿನ ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ತೋಟಕ್ಕೆ ಇಳಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೆಂಪಗೆ ಮಣ್ಣು ಹೊತ್ತುಕೊಂಡು ಬೇಲಿ ದಾಟುತ್ತದೆ, ಅದರ ಹಿಂದೆಯೇ ನಡೆದು ನೋಡು. ದಾಟುವ ಜಾಗದಲ್ಲೆಲ್ಲ ಒಂದೊಂದು ಗೂಟ ಹೊಡಿ. ಈ ವರ್ಷದ ಮೊದಲ ಖರ್ಚು ಆ ಗೂಟಗಳ ಹತ್ತಿರ ಬದು ಹಾಕಿಸಲು ಆಗಬೇಕು. ಡ್ರಿಪ್ಪು ಆಮೇಲೆ.

ನಮ್ಮ ತಿಪಟೂರು ಸೀಮೆಯ ಮಳೆ ಮಲೆನಾಡಿನ ಮಳೆಯ ಹಾಗಲ್ಲ. ಮೇ ತಿಂಗಳಲ್ಲಿ ಒಂದಿಷ್ಟು, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಒಂದಿಷ್ಟು. ಜೂನ್ ಜುಲೈನಲ್ಲಿ ಮೋಡ, ಗಾಳಿ, ಸುಮ್ನೆ ಸೋನೆ. ಬಂದಾಗ ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಂಚಿನ ಮಾಡಿನ ಲೆಕ್ಕವನ್ನೇ ತೆಗೆದುಕೋ. 1000 ಚದರಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 2300 ಲೀಟರಿಗೂ ಜಾಸ್ತಿ ನೀರು. ಒಂದೇ ಸಂಜೆಯದು! ಸೂರಿಗೆ ದೋಣಿ ಕಟ್ಟಿಸಿ ಹಿತ್ತಲ ಹಳೇ ತೊಟ್ಟಿಗೆ ತಿರುಗಿಸು. ಮೊದಲ ಮಳೆಯ ನೀರು ಮಾತ್ರ ಹೊರಗೆ ಬಿಡು. ಹೆಂಚಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರ ಜೊತೆ ಹೋಗಲಿ.

ಬೋರ್‌ವೆಲ್ ಇದೆಯಲ್ಲ ಅನ್ನಬೇಡ. ಆ ಒಂದು ಬೋರಿಗೆ ಮುಂಚೆ ಎರಡು ಹುಸಿಯಾದವು. ಎರಡನೆಯದಕ್ಕೆ ನನ್ನ ಬಳೆ ಹೋದವು. 600 ಅಡಿ ಇಳಿದರೂ ಬರೀ ಧೂಳು ಎದ್ದಿತು. ಅವತ್ತು ಬೋರ್ ಲಾರಿ ಹೋದ ಮೇಲೆ ಬಚ್ಚಲ ಹಿಂದೆ ನಿಂತು ಅತ್ತುಬಿಟ್ಟೆ. ಅಲ್ಲೇ ಕಾಲ ಕೆಳಗೆ ಸ್ನಾನದ ನೀರು ಚರಂಡಿಯಲ್ಲಿ ಸುಮ್ನೆ ಹರಿದು ದಾರಿಗೆ ಹೋಗುತ್ತಿತ್ತು. ಐದು ಜನ ದಿನಾ ಮಿಂದ ನೀರು. ಮಾರನೇ ದಿನ ಗುದ್ದಲಿ ತೆಗೆದುಕೊಂಡು ಕಾಲುವೆಯನ್ನು ಹಿತ್ತಲಿಗೆ ತಿರುಗಿಸಿದೆ. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ. ನೀರಾಗಲಿ, ಬೂದಿಯಾಗಲಿ, ಎಲೆಯಾಗಲಿ, ಮಟ್ಟೆಯಾಗಲಿ, ಈ ಮನೆಯದು ಗೇಟು ದಾಟಿ ಹೋಗಬಾರದು. ನಿನಗೂ ನಾನು ಹೇಳುವುದು ಅಷ್ಟೇ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಬಚ್ಚಲ ನೀರಿನ ದಾರಿಯಲ್ಲಿ ಮೊದಲು ಒಂದು ಸಾಲು ಕಾಬಾಳೆ ಹೂವಿನ ಗಿಡ ಹಾಕು. ಸೋಪಿನ ಜಿಡ್ಡು ಅಲ್ಲೇ ತಡೆಯುತ್ತದೆ. ಅದರಾಚೆ ಬಾಳೆ, ಕೆಸು. ಸೊಪ್ಪು, ಕೊತ್ತಂಬರಿಗೆ ಆ ನೀರು ಬೇಡ. ವಾಷಿಂಗ್ ಮೆಷಿನ್ ನೀರನ್ನು ದಿನಾ ಒಂದೇ ಕಡೆ ಬಿಟ್ಟರೆ ಮಣ್ಣು ಉಪ್ಪಾಗಿ ಗಟ್ಟಿಯಾಗುತ್ತದೆ, ಜಾಗ ಬದಲಿಸುತ್ತಿರು.

ಈಗ ತೆಂಗಿನ ವಿಷಯ. ತೋಟವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟ ಆರು ವರ್ಷದಲ್ಲಿ ಮರಗಳು ಸೊರಗಿವೆ ಅಂದೆ. ಗಾಬರಿಯಾಗಬೇಡ. 1990ರ ದಶಕದ ಕೊನೆಗೆ ನುಸಿ ಬಂದಾಗ ಇದಕ್ಕಿಂತ ಕೆಟ್ಟದ್ದು ನೋಡಿದ್ದೇನೆ. ಕಾಯಿಯ ಮೇಲೆಲ್ಲ ಕಂದು ಬಿರುಕು, ಗಾತ್ರ ಅಂಗೈಯಷ್ಟು. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ಒಳಗೆ ಉಂಡೆಯೇ ಕಟ್ಟಲಿಲ್ಲ. ಮರಕ್ಕೆ ಮೇವು ನೀರು ಸಿಕ್ಕಿದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡವು. ಮರ ಬೇಗ ಸಾಯುವುದಿಲ್ಲ. ಬೇಗ ಸುಧಾರಿಸುವುದೂ ಇಲ್ಲ. ಇವತ್ತು ಮಾಡಿದ ಆರೈಕೆ ಕಾಯಲ್ಲಿ ಕಾಣಲು ಎರಡು ಮೂರು ವರ್ಷ ಬೇಕು.

ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ ಕೇಳು. ಕಾಯಿ ಸುಲಿದ ಮಟ್ಟೆಯನ್ನು ಎಷ್ಟೋ ವರ್ಷ ರಾಶಿ ಹಾಕಿ ಸುಟ್ಟೆ, ಅಂಗಳ ಚೊಕ್ಕಟವಾಗಿರಲಿ ಅಂತ. ಎಷ್ಟು ನೀರು ಸುಟ್ಟೆ ಅಂತ ಆಮೇಲೆ ಗೊತ್ತಾಯಿತು. ಎರಡು ಸಾಲಿನ ನಡುವೆ ಮೊಣಕಾಲುದ್ದ ಕಾಲುವೆ ತೋಡಿಸು. ಮಟ್ಟೆಗಳನ್ನು ಒಳಮೈ ಮೇಲಕ್ಕೆ ಬರುವ ಹಾಗೆ ಜೋಡಿಸು, ಬೋಗುಣಿ ಇಟ್ಟ ಹಾಗೆ. ಒಂದು ವರಸೆ ಮಟ್ಟೆ, ಮೇಲೆ ಮಣ್ಣು, ಮತ್ತೊಂದು ವರಸೆ. ಮಳೆ ನೀರು ಕುಡಿದು ಸ್ಪಂಜಿನ ಹಾಗೆ ಹಿಡಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ಒಂದು ಸಲ ಅಗೆದು ನೋಡಿದೆ. ಸುತ್ತ ನೆಲ ಬಿರುಕು ಬಿಟ್ಟಿತ್ತು. ಮಟ್ಟೆಯನ್ನು ಹಿಂಡಿದರೆ ಬೆರಳ ಸಂದಿಯಲ್ಲಿ ತೇವ. ತೆಂಗಿನ ಬಿಳಿ ಬೇರು ನಾರಿನೊಳಗೆಲ್ಲ ನುಗ್ಗಿತ್ತು. ಹಾಗಾಗಿ ಮಲ್ಚಿಂಗ್ ಶೀಟಿನ ದುಡ್ಡು ಉಳಿಸು. ಗರಿಯನ್ನು ಕತ್ತರಿಸಿ ಬುಡದ ಸುತ್ತ ಆರಡಿ ದೂರದವರೆಗೆ ಹರಡು. ಬೇಲಿಯಲ್ಲಿ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಗೂಟ ನೆಡು. ವರ್ಷಕ್ಕೆ ಎರಡು ಸಲ ಸವರಿ ಆ ಸೊಪ್ಪನ್ನೂ ಬುಡಕ್ಕೆ ಹಾಕಬಹುದು.

ತಿಪ್ಪೆಯನ್ನು ಮಾತ್ರ ಹಾಕಿ ಮರೆಯಬೇಡ. ಸುಳಿಯ ಹೊಸ ಗರಿ ಬಿಚ್ಚಿಕೊಂಡಾಗ ಯಾರೋ ಕತ್ತರಿಯಿಂದ ವಜ್ರಾಕಾರದಲ್ಲಿ ಕತ್ತರಿಸಿದ ಹಾಗೆ ಕಂಡರೆ ಅದು ಕೊಂಬಿನ ದುಂಬಿ ಕೆಲಸ. ಅದು ತಿನ್ನುವುದು ಮರದ ಮೇಲೆ, ಹುಟ್ಟುವುದು ನಮ್ಮ ತಿಪ್ಪೆಯಲ್ಲೇ. ಹೆಬ್ಬೆರಳು ಗಾತ್ರದ ಬಿಳಿ ಹುಳ, ಸುರುಳಿ ಸುತ್ತಿಕೊಂಡು ಮಲಗಿರುತ್ತದೆ, ತಲೆ ಮಾತ್ರ ಕಂದು. ತಿಂಗಳಿಗೊಮ್ಮೆ ತಿಪ್ಪೆ ಮಗುಚಿ ಹಾಕು. ಸಿಕ್ಕಿದ ಹುಳ ಕೋಳಿಗೆ ಹಾಕು. ಕಾಯಿ ಕೀಳುವವರು ಮರ ಹತ್ತಿದಾಗ ಸುಳಿಯ ಪಕ್ಕದ ಎರಡು ಮೂರು ಗರಿಗಳ ಕಂಕುಳಿಗೆ ಬೇವಿನ ಹಿಂಡಿ ಮತ್ತು ಮರಳು ಬೆರೆಸಿ ಹಾಕಲು ಹೇಳು. ಅದಕ್ಕೆ ಬೇರೆ ಕೂಲಿ ಕೊಡು, ಚೌಕಾಸಿ ಮಾಡಬೇಡ. ಅವರು ಜೀವ ಕೈಯಲ್ಲಿ ಹಿಡಿದು ಹತ್ತುತ್ತಾರೆ.

ತರಕಾರಿಗೆ ದೂರ ಹೋಗಬೇಡ. ಅಡುಗೆಮನೆ ಬಾಗಿಲಿಂದ 20 ಹೆಜ್ಜೆಯೊಳಗೆ ಎಷ್ಟು ಆಗುತ್ತದೋ ಅಷ್ಟೇ. ಒಂದು ಮಡಿ ದಂಟು, ಹತ್ತು ಬೆಂಡೆ, ಆರು ಬದನೆ, ಚಪ್ಪರಕ್ಕೆ ಒಂದು ಹೀರೆ, ಒಂದು ಸೋರೆ. ಒಲೆ ಮೇಲೆ ಒಗ್ಗರಣೆ ಇಟ್ಟು ಹೋಗಿ ಕಿತ್ತು ತರುವಷ್ಟು ಹತ್ತಿರ ಇದ್ದರೆ ದಿನಾ ಕಣ್ಣಿಗೆ ಬೀಳುತ್ತದೆ. ಎಲೆ ಅಡಿಯ ಮೊಟ್ಟೆ ಅವತ್ತೇ ಕಾಣುತ್ತದೆ. ನುಗ್ಗೆ ಬೇಕೇ ಬೇಕು, ಆದರೆ ಬಾಗಿಲಿಗೆ ದೂರ ಇರಲಿ. ಮಳೆಗಾಲದಲ್ಲಿ ಕಂಬಳಿ ಹುಳ ಕಾಂಡಕ್ಕೆ ಗುಂಪಾಗಿ ಅಂಟಿಕೊಳ್ಳುತ್ತವೆ. ಮಗು ಇರುವ ಮನೆ, ಮೈಗೆ ತಾಗಿದರೆ ಉರಿ ತಡೆಯಲಾಗುವುದಿಲ್ಲ.

ಅವರೆ ಬಗ್ಗೆ ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಹೋದ ವರ್ಷ ಬೆಂಗಳೂರಿನ ತಾರಸಿಯಲ್ಲಿ ಜನವರಿ ಕೊನೆಗೆ ನಾಟಿ ಅವರೆ ಹಾಕಿ ಬರೀ ಬಳ್ಳಿ ಬೆಳೆಯಿತು, ಹೂವೇ ಬರಲಿಲ್ಲ ಅಂದೆಯಲ್ಲ. ತಪ್ಪು ನಿನ್ನದಲ್ಲ. ನಮ್ಮ ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ಕಾಯುತ್ತದೆ. ಜೂನಿನಲ್ಲಿ ಹಾಕು, ಆಗಸ್ಟಿನಲ್ಲಿ ಹಾಕು, ಅದು ಹೂ ಬಿಡುವುದು ಮಳೆಗಾಲ ಕಳೆದು ಚಳಿ ಬಿದ್ದ ಮೇಲೆಯೇ. ವರ್ಷವಿಡೀ ಬೇಕಾದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ ಇದೆ, ಅದಕ್ಕೆ ಈ ಕಟ್ಟುಪಾಡಿಲ್ಲ. ಆದರೆ ಸೊಗಡು ನಾಟಿಯದ್ದೇ ಸೊಗಡು. ಮಾರ್ಗಶಿರ ಮಾಸದ ಬೆಳಿಗ್ಗೆ ಇಬ್ಬನಿಯಲ್ಲಿ ಕಾಯಿ ಬಿಡಿಸಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ. ಕೈ ತೊಳೆದರೂ ಮಧ್ಯಾಹ್ನದವರೆಗೆ ಆ ವಾಸನೆ ಹೋಗುವುದಿಲ್ಲ. ಮನೆ ಹಿಂದಿನ ಅರ್ಧ ಎಕರೆಯಲ್ಲಿ ಈ ಸಲ ರಾಗಿ ಹಾಕಿ, ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಒಂದಿಷ್ಟು ಹುಚ್ಚೆಳ್ಳು ಬಿಡು. ಮಳೆ ಕೈಕೊಟ್ಟು ರಾಗಿ ಹೋದರೂ ಅಕ್ಕಡಿ ಮನೆಗೆ ಏನಾದರೂ ತರುತ್ತದೆ. ಹೂವಿಗೆ ಹೇನು ಕೂತರೆ ಸೌದೆ ಒಲೆಯ ಬೂದಿ ಜರಡಿ ಹಿಡಿದು, ಎಲೆ ಇನ್ನೂ ಒದ್ದೆ ಇರುವ ಬೆಳಗಿನ ಹೊತ್ತು ಎರಚು. ಬಿಸಿಲೇರಿದ ಮೇಲೆ ಎರಚಿದರೆ ಗಾಳಿಗೆ ಹೋಗುತ್ತದೆ.

ಬೀಜ ನೀನೇ ಹಿಡಿದುಕೋ. ಸಾರು ಮಾಡಲು ಆಗದ ಬಲಿತ ಕೊನೆ ಕಾಯಿಯನ್ನು ಬೀಜಕ್ಕೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಗಿಡ ಮೈತುಂಬಿಕೊಂಡಿರುವಾಗಲೇ ಒಳ್ಳೆಯ ಕಾಯಿ ನೋಡಿ ಅದಕ್ಕೊಂದು ದಾರ ಕಟ್ಟು, ಯಾರೂ ಕೀಳದ ಹಾಗೆ. ಒಣಗಿದ ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ ಅಂತ ಒಡೆಯಬೇಕು. ಹಲ್ಲು ಒಳಗೆ ಇಳಿದರೆ ಇನ್ನೆರಡು ಬಿಸಿಲು ಬೇಕು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸು, ಉಳಿದವಕ್ಕೆ ಬೂದಿ. ಊಟದ ಕಾಳಿಗೆ ಒಂದು ಚಮಚ ಹರಳೆಣ್ಣೆ ಸವರಿದರೆ ಹುಳ ಹಿಡಿಯುವುದಿಲ್ಲ. ರಾಗಿಗೆ ಏನೂ ಬೇಡ, ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ.

ಹಸು ಈ ವರ್ಷ ಬೇಡ ಪುಟ್ಟಿ. ಹಸು ಇರುವ ಮನೆಯವರು ಮದುವೆಗೆ ಹೋದರೂ ಸಂಜೆ ಹಾಲು ಕರೆಯುವ ಹೊತ್ತಿಗೆ ಓಡಿ ಬರಬೇಕು. ಎರಡು ಸೀಮೆಹಸುವಿಗೆ ಬೇಕಾಗುವ ಹಸಿ ಮೇವು ಬೆಳೆಯಲು ನೀರು ಎಲ್ಲಿದೆ? ನಾಲ್ಕು ಕೋಳಿ ಸಾಕು ಸದ್ಯಕ್ಕೆ. ಗೊಬ್ಬರ ಊರಿನಲ್ಲಿ ಟ್ರ್ಯಾಕ್ಟರ್ ಲೋಡಿಗೆ ಸಿಗುತ್ತದೆ. ಹಣ್ಣಿನ ಗಿಡ 120 ಬೇಡ, 12 ಸಾಕು. ಮೊದಲ ಎರಡು ಬೇಸಿಗೆ ಪ್ರತಿ ಗಿಡಕ್ಕೂ ಕೊಡದಲ್ಲಿ ನೀರು ಹೊತ್ತು ಹಾಕುವ ಶಕ್ತಿ ಎಷ್ಟಕ್ಕಿದೆಯೋ ಅಷ್ಟೇ ನೆಡು. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ನೆಡುವ ಮುಂಚೆ ಮಣ್ಣು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸು.

ಇದನ್ನು ಮಾತ್ರ ದಯವಿಟ್ಟು ಮರೆಯಬೇಡ. ಗರಿ, ಮಟ್ಟೆ, ಚಿಪ್ಪು ಯಾವುದನ್ನೂ ಮನೆ ಗೋಡೆಗೆ ಒರಗಿಸಿ ರಾಶಿ ಹಾಕಬೇಡ. ಇಲಿ ಬರುತ್ತದೆ, ಇಲಿ ಹಿಂದೆ ಹಾವು. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಬ್ಯಾಟರಿ ಹಿಡಿದುಕೋ, ಚಪ್ಪಲಿ ಮೆಟ್ಟಿಕೋ. ನಾಗರಹಾವು ಹೆಡೆ ಎತ್ತಿ ಹೇಳಿಬಿಡುತ್ತದೆ. ಕೊಳಕುಮಂಡಲ ಒಣ ಎಲೆಯ ಬಣ್ಣದಲ್ಲೇ ಬಿದ್ದಿರುತ್ತದೆ. ದೇವರ ದಯೆ, ಹಾಗಾಗದಿರಲಿ. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ, ನೇರ ದೊಡ್ಡಾಸ್ಪತ್ರೆಗೆ. ಅಳಿಯಂದಿರಿಗೂ ಇದನ್ನು ಓದಿ ಹೇಳು.

ಪಕ್ಕದ ತೋಟದವರ ಜೊತೆ ಚೆನ್ನಾಗಿರು. ರಾಗಿ ಕಳೆ ಕೀಳುವಾಗ ಮುಯ್ಯಾಳಿಗೆ ಕರೆದರೆ ನೀನೂ ಹೋಗು, ಅರ್ಧ ದಿನವಾದರೂ ಸರಿ. ನಿನ್ನ ಹೊಲಕ್ಕೆ ಅವರು ಬರುತ್ತಾರೆ. ಕೂಲಿ ಉಳಿಯುತ್ತದೆ ಅಂತ ಮಾತ್ರ ಹೇಳುತ್ತಿಲ್ಲ. ಸಾಲಿನಲ್ಲಿ ಕೂತು ಕಳೆ ಕೀಳುವಾಗ ಅವರ ಬಾಯಿಂದ ಬರುವ ವಿಷಯ ನನ್ನ ಕಾಗದದಲ್ಲಿ ಇಲ್ಲ.

ನಾಟಿ ಅವರೆ ಬೀಜ ಎರಡು ಸೇರು, ಗುಂಡು ಸೋರೆ ಬೀಜ ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ. ಭಾನುವಾರ ನಿನ್ನ ತಮ್ಮ ಆ ಕಡೆ ಬರುತ್ತಾನೆ, ಕೊಟ್ಟು ಕಳಿಸುತ್ತೇನೆ. ಸೋರೆ ಬೀಜ ನಿಮ್ಮಜ್ಜಿಯ ಕಾಲದಿಂದ ಬಂದದ್ದು, ಎಲ್ಲವನ್ನೂ ಒಂದೇ ಸಲ ಹಾಕಬೇಡ, ಅರ್ಧ ಡಬ್ಬಿಯಲ್ಲಿ ಉಳಿಸಿಕೋ. ಮಳೆ ಬಿದ್ದ ರಾತ್ರಿ ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ನೀರು ಬೇಲಿಯನ್ನು ಎಲ್ಲಿ ದಾಟಿತು, ಎಷ್ಟು ಗೂಟ ಹೊಡೆದೆ ಅಂತ ಹೇಳು. ನಾನು ಎದ್ದೇ ಇರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ