ಸಿಕ್ಲಿಡ್ ಕೊಳ್ಳುವ ಮೊದಲು ಮನೆಯ ನೀರು ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ಬಣ್ಣದ ಮೀನಿನ ಅಂಗಡಿಗಳಲ್ಲಿ ‘ಮಿಕ್ಸ್ ಸಿಕ್ಲಿಡ್’ ಎಂದು ಹಳದಿ, ನೀಲಿ, ಕಿತ್ತಳೆ ಬಣ್ಣದ ಮರಿಗಳನ್ನೆಲ್ಲ ಒಂದೇ ತೊಟ್ಟಿಯಲ್ಲಿ ಕೂಡಿಹಾಕಿ, ಜೋಡಿಗೆ ಇಷ್ಟು ಎಂದು ಮಾರುವುದು ಈಚೆಗೆ ಸಾಮಾನ್ಯವಾಗಿದೆ. ಒಂದೂವರೆ ಅಂಗುಲದ ಮರಿಗಳು ಜಗಳವಿಲ್ಲದೆ ಓಡಾಡಿಕೊಂಡಿರುವುದನ್ನು ಕಂಡು, ಮಕ್ಕಳ ಹಟಕ್ಕೆ ಮಣಿದು, ಎರಡಡಿಯ ಗಾಜಿನ ತೊಟ್ಟಿಯೊಂದಿಗೆ ಅವನ್ನು ಮನೆಗೆ ತರುವ ಹಿರಿಯರು, ಕೆಲವೇ ತಿಂಗಳಲ್ಲಿ ರೆಕ್ಕೆ ಹರಿದ ಮೀನುಗಳನ್ನು ಒಂದೊಂದಾಗಿ ಎತ್ತಿ ಹಾಕಿ, ಕೊನೆಗೆ ಉಳಿದ ಒಂದು ದಾಂಡಿಗ ಮೀನನ್ನು ಯಾರಿಗಾದರೂ ಕೊಟ್ಟು, ಖಾಲಿ ತೊಟ್ಟಿಯನ್ನು ಅಟ್ಟಕ್ಕೆ ಸೇರಿಸುವುದನ್ನು ಪದೇ ಪದೇ ನೋಡುತ್ತಿದ್ದೇನೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಮೀನುಗಳನ್ನು ಸಾಕಬಯಸುವ ಹೊಸಬರು ಬಣ್ಣಕ್ಕೆ ಮನಸೋಲುವ ಮೊದಲು ತಮ್ಮ ಮನೆಗೆ ಬರುವ ನೀರು ಎಂಥದ್ದೆಂದು ತಿಳಿದುಕೊಂಡರೆ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಸಿಕ್ಲಿಡ್ ಎಂಬುದು ಬಹಳ ದೊಡ್ಡ ಮೀನು ಕುಟುಂಬ. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನೂ ಇದೇ ಕುಟುಂಬಕ್ಕೆ ಸೇರಿದ್ದು. ಆಫ್ರಿಕಾ ಮೂಲದ ಅದನ್ನು 1952ರಲ್ಲಿ ಭಾರತಕ್ಕೆ ತಂದರು. ಘಟ್ಟದ ಕೆಳಗಿನ ನೇತ್ರಾವತಿ, ಕುಮಾರಧಾರಾ ನದಿಗಳಲ್ಲಿ ಕರ್ನಾಟಕದ್ದೇ ಆದ ಸಿಕ್ಲಿಡ್ ಒಂದಿದೆ; ಅದು ಅಪಾಯದಲ್ಲಿರುವ ಪ್ರಭೇದವಾದ್ದರಿಂದ ಯಾರಾದರೂ ನದಿಯಿಂದ ಹಿಡಿದು ತಂದು ಮಾರಿದರೂ ಕೊಳ್ಳಬಾರದು. ಅಂಗಡಿಗಳಿಗೆ ಬರುವವು ಬಹುಪಾಲು ಮೂರು ನೆಲೆಗಳವು: ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವವು, ದಕ್ಷಿಣ ಅಮೆರಿಕದ ನದಿಗಳವು ಮತ್ತು ಮಧ್ಯ ಅಮೆರಿಕದವು. ಮಲಾವಿಯ ನೀರು ಗಡಸು, ಅಂದರೆ ಸುಣ್ಣದಂಥ ಲವಣಗಳು ಹೆಚ್ಚಿರುವಂಥದ್ದು; ಅದರ ಪಿಎಚ್, ಅಂದರೆ ಆಮ್ಲ–ಕ್ಷಾರದ ಅಳತೆ, ಸುಮಾರು 7.8ರಿಂದ 8.6ರಷ್ಟಿರುತ್ತದೆ. ಅಮೆಜಾನ್ ಕಡೆಯ ಬಹಳಷ್ಟು ಹೊಳೆಗಳ ನೀರು ಮೆದುವಾಗಿದ್ದು ಪಿಎಚ್ 7ಕ್ಕಿಂತ ಕೆಳಗಿರುತ್ತದೆ. ಈ ಎರಡು ಕಡೆಯ ಮೀನುಗಳನ್ನು ಒಂದೇ ತೊಟ್ಟಿಗೆ ಹಾಕಿದರೆ, ಅವು ಕಚ್ಚಾಡದಿದ್ದರೂ, ಒಂದಲ್ಲ ಒಂದು ಗುಂಪು ತನಗೆ ಒಗ್ಗದ ನೀರಿನಲ್ಲಿ ಸೊರಗುವುದು ಖಂಡಿತ. ಊಟದಲ್ಲೂ ಹೊಂದಾಣಿಕೆಯಿಲ್ಲ: ಮಲಾವಿಯ ಬಂಡೆವಾಸಿಗಳಲ್ಲಿ ಹಲವು ಪಾಚಿ ಕೆರೆದು ತಿನ್ನುವಂಥವಾಗಿದ್ದು, ಹುಳು ಮತ್ತು ಮಾಂಸದ ಆಹಾರ ಹೆಚ್ಚಾದರೆ ಅವುಗಳ ಹೊಟ್ಟೆ ಉಬ್ಬಿ ಸಾಯುವುದುಂಟು.

ಈ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳದ್ದು ವಿಶೇಷ ಸ್ಥಿತಿ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸೋಪು ಸರಿಯಾಗಿ ನೊರೆ ಬರುವುದಿಲ್ಲ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ; ಇದು ಗಡಸು ನೀರಿನ ಗುರುತು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಮಲೆನಾಡಿನಲ್ಲಿ ಹಳ್ಳದ ನೀರು, ತೆರೆದ ಬಾವಿಯ ನೀರು ಮೆದು. ಹಾಸನ ನಗರಕ್ಕೆ ಬರುವ ಹೇಮಾವತಿ ನೀರು, ಚಿಕ್ಕಮಗಳೂರಿಗೆ ಬರುವ ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರು ಬೋರ್‌ವೆಲ್ ನೀರಿಗಿಂತ ಮೆದುವೇ ಆದರೂ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಬೆರೆಯುವುದುಂಟು. ಆದ್ದರಿಂದ ಊರಿನ ಹೆಸರನ್ನಷ್ಟೇ ನಂಬದೆ ಪಿಎಚ್ ಮತ್ತು ಗಡಸುತನ ಅಳೆಯುವ ಹನಿ ಪರೀಕ್ಷೆಯ ಕಿಟ್ ಒಂದನ್ನು ಮೀನಿಗಿಂತ ಮೊದಲೇ ಕೊಳ್ಳುವುದು ಲೇಸು. ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಬಂದದ್ದನ್ನೇ ಶುದ್ಧವೆಂದು ತೊಟ್ಟಿಗೆ ತುಂಬುವವರಿದ್ದಾರೆ. ಲವಣಗಳು ಬಹಳ ಕಡಿಮೆಯಿರುವ ಆ ನೀರಿನಲ್ಲಿ ಪಿಎಚ್ ಹಠಾತ್ತನೆ ಕುಸಿಯಬಹುದು. ಔಷಧಿ ಸುರಿದು ನೀರಿನ ಗುಣವನ್ನು ಬದಲಾಯಿಸಲು ಹೋಗುವುದೂ ಹೊಸಬರಿಗೆ ಸಲ್ಲ. ಇರುವ ನೀರಿಗೆ ಹೊಂದುವ ಮೀನನ್ನು ತರುವುದು ಅಗ್ಗ, ಸುಲಭ ಮತ್ತು ಮೀನಿಗೂ ಕ್ಷೇಮ.

ಮೆದು ನೀರಿರುವ ಮನೆಯಲ್ಲಿ ಮೊದಲ ಸಿಕ್ಲಿಡ್ ಯಾವುದೆಂದು ಕೇಳಿದರೆ ನಾನು ಹೇಳುವುದು ಕ್ರಿಬೆನ್ಸಿಸ್. ಇದು ಪಶ್ಚಿಮ ಆಫ್ರಿಕಾದ ನದಿಗಳದ್ದು, ಮಲಾವಿಯ ಬಳಗಕ್ಕೆ ಸೇರಿದ್ದಲ್ಲ. ಸಾಧಾರಣ ನೀರಿಗೆ ಒಗ್ಗಿಕೊಳ್ಳುತ್ತದೆ ಮತ್ತು ಹತ್ತು ಸೆಂಟಿಮೀಟರ್ ಮೀರಿ ಬೆಳೆಯುವುದು ಅಪರೂಪ. ಮೂರಡಿ ಉದ್ದ, ಒಂದೂಕಾಲಡಿ ಅಗಲ ಮತ್ತು ಅಷ್ಟೇ ಎತ್ತರದ, ಅಂದರೆ ಸುಮಾರು 130 ಲೀಟರಿನ ತೊಟ್ಟಿಯಲ್ಲಿ ಒಂದೇ ಒಂದು ಜೋಡಿ, ಮೇಲ್ಭಾಗದಲ್ಲಿ ಈಜುವ ಟೆಟ್ರಾ ಮೀನುಗಳ ಒಂದು ಗುಂಪು, ಅಡಗಿಕೊಳ್ಳಲು ಬಾಯಿ ಒಡೆದ ಮಣ್ಣಿನ ಕುಡಿಕೆಗಳು, ಇಷ್ಟಿದ್ದರೆ ಸಾಕು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣಿನ ಹೊಟ್ಟೆ ನೇರಳೆ ಮಿಶ್ರಿತ ಕೆಂಪಿಗೆ ತಿರುಗುತ್ತದೆ. ಅದು ಕುಡಿಕೆಯ ಬಾಯಿಯಲ್ಲಿ ಮೈ ಬಾಗಿಸಿ, ನಡುಗಿಸಿ ಗಂಡನ್ನು ಕರೆಯುತ್ತದೆ. ಕೆಲವು ದಿನಗಳ ನಂತರ ಸಾಸಿವೆಗಿಂತ ತುಸು ದೊಡ್ಡದಾಗಿ ಕಾಣುವ ಮರಿಗಳ ಹಿಂಡನ್ನು ತಾಯಿ ತಂದೆ ಇಬ್ಬರೂ ಸೇರಿ ನೆಲದ ಮೇಲೆ ಮೇಯಿಸಿಕೊಂಡು ಹೋಗುವುದನ್ನು ನೋಡಿದವರು ಟೀವಿ ಹಾಕುವುದನ್ನು ಮರೆಯುತ್ತಾರೆ. ಆದರೆ ಆ ದಿನಗಳಲ್ಲಿ ತಳದಲ್ಲಿ ಓಡಾಡುವ ಬೇರೆ ಮೀನುಗಳಿಗೆ ಉಳಿಗಾಲವಿಲ್ಲ. ಹಾಗಾಗಿ ಅದೇ ತೊಟ್ಟಿಗೆ ಕೋರಿಡೋರಸ್ ಮೀನುಗಳನ್ನು ಸೇರಿಸದಿರುವುದು ವಾಸಿ.

ಏಂಜಲ್ ಮೀನೂ ಇದೇ ನೀರಿಗೆ ಹೊಂದುತ್ತದೆ. ಅದು ಸಿಕ್ಲಿಡ್ ಎಂಬುದೇ ಹಲವರಿಗೆ ತಿಳಿದಿಲ್ಲ. ಅದಕ್ಕೆ ಉದ್ದಕ್ಕಿಂತ ಎತ್ತರ ಮುಖ್ಯ. ಒಂದೂವರೆ ಅಡಿಗಿಂತ ಕಡಿಮೆ ಎತ್ತರದ ತೊಟ್ಟಿಯಲ್ಲಿ ಅದರ ರೆಕ್ಕೆಗಳು ಸರಿಯಾಗಿ ಬೆಳೆಯಲಾರವು. ನಿಯಾನ್ ಟೆಟ್ರಾ ಅದರ ಬಾಯಿಗೆ ತುತ್ತಾಗುತ್ತದೆ, ಟೈಗರ್ ಬಾರ್ಬ್ ಅದರ ರೆಕ್ಕೆಯನ್ನೇ ಕಿತ್ತು ತಿನ್ನುತ್ತದೆ; ಇವೆರಡನ್ನೂ ಅದರೊಂದಿಗೆ ಇಡಬಾರದು. ಐದಾರು ಮರಿಗಳನ್ನು ಒಟ್ಟಿಗೆ ಬೆಳೆಸಿ, ಒಂದು ಜೋಡಿ ತಾನಾಗಿ ಕೂಡಿದ ಮೇಲೆ ಉಳಿದವನ್ನು ಬೇರೆ ಮಾಡುವುದು ಬಲ್ಲವರ ರೂಢಿ. ನೀಲಿ ರ್‍ಯಾಮ್ ಅಂದವಾದ ಸಿಕ್ಲಿಡ್ ಆದರೂ ಬಲು ನಾಜೂಕು. ಬೊಲಿವಿಯನ್ ರ್‍ಯಾಮ್ ಬಣ್ಣದಲ್ಲಿ ಸಾದಾ, ಗಟ್ಟಿತನದಲ್ಲಿ ಮೇಲು. ಡಿಸ್ಕಸ್ ಎಂಬ ಸಿಕ್ಲಿಡ್ ಹೊಸಬರಿಗಲ್ಲ.

ಗಡಸು ನೀರಿನವರು ಬೇಸರಪಡಬೇಕಿಲ್ಲ. ಮಲಾವಿಯ ಮೀನುಗಳು ಅವರಿಗಾಗಿಯೇ ಇವೆ. ಆದರೆ ಆ ಸರೋವರದಲ್ಲಿರುವ ಐನೂರಕ್ಕೂ ಹೆಚ್ಚು ಬಗೆಯ ಸಿಕ್ಲಿಡ್‌ಗಳಲ್ಲಿ ಸೌಮ್ಯ ಸ್ವಭಾವದವು ಕೆಲವೇ. ಅಂಗಡಿಯಲ್ಲಿ ಎಲೆಕ್ಟ್ರಿಕ್ ಯೆಲ್ಲೋ ಎಂದು ಕರೆಯುವ ಯೆಲ್ಲೋ ಲ್ಯಾಬ್, ಕಂದು–ನೇರಳೆ ಬಣ್ಣದ ರಸ್ಟಿ ಮತ್ತು ಹಳದಿ ಬಾಲದ ಏಸಿ, ಈ ಮೂರು ನಾಲ್ಕಡಿಯ ತೊಟ್ಟಿಯಲ್ಲಿ ಒಟ್ಟಿಗೆ ಬಾಳುತ್ತವೆ. ಪ್ರತಿ ಬಗೆಯಲ್ಲೂ ಒಂದು ಗಂಡಿಗೆ ಮೂರ್ನಾಲ್ಕು ಹೆಣ್ಣುಗಳಿರಬೇಕು; ಜೋಡಿ ಲೆಕ್ಕದಲ್ಲಿ ಮಾರುವ ಪದ್ಧತಿ ಇಲ್ಲಿ ನೇರವಾಗಿ ಹಾನಿಕರ, ಏಕೆಂದರೆ ಒಂಟಿ ಹೆಣ್ಣನ್ನು ಗಂಡು ಅಟ್ಟಾಡಿಸಿಯೇ ಕೊಲ್ಲುತ್ತದೆ. ಮಲಾವಿಯವೇ ಆದ ಆರಟಸ್ ಮತ್ತು ಕೆನ್ಯಿಗಳ ಮರಿಗಳು ನೋಡಲು ಎಷ್ಟೇ ಚೆಂದವಿದ್ದರೂ ದೊಡ್ಡದಾದ ಮೇಲೆ ಇಡೀ ತೊಟ್ಟಿಯನ್ನು ಆಳುತ್ತವೆ. ಯೆಲ್ಲೋ ಲ್ಯಾಬ್ ಜೊತೆಗೆ ರೆಡ್ ಜೀಬ್ರಾ ಬೇಡ; ಅವೆರಡೂ ಕೂಡಿ ಮಿಶ್ರತಳಿಯ ಮರಿ ಹಾಕುತ್ತವೆ. ಕಲ್ಲುಗಳನ್ನು ಮರಳಿನ ಮೇಲಿಡದೆ, ಮೊದಲು ತಳದ ಗಾಜಿನ ಮೇಲೆ ತೆಳು ಥರ್ಮೋಕೋಲ್ ಹಾಳೆ ಹಾಸಿ, ಅದರ ಮೇಲೆ ಕಲ್ಲು ಜೋಡಿಸಿ, ಆಮೇಲೆ ಮರಳು ಸುರಿಯಬೇಕು. ಈ ಮೀನುಗಳು ಬಾಯಲ್ಲಿ ಮರಳು ತುಂಬಿಕೊಂಡು ಬುಡ ತೋಡುವುದರಿಂದ, ಮರಳಿನ ಮೇಲೆ ಕೂತ ಕಲ್ಲು ಉರುಳಿ ಗಾಜೇ ಒಡೆಯಬಹುದು. ನಾಲ್ಕಡಿಯ ತೊಟ್ಟಿಯಲ್ಲಿ ನೀರೇ ಸುಮಾರು 240 ಕಿಲೋ ತೂಗುತ್ತದೆಂಬುದನ್ನು ಸ್ಟ್ಯಾಂಡ್ ಮಾಡಿಸುವಾಗ ನೆನಪಿಡಬೇಕು.

ಹೊಂದಾಣಿಕೆ ಕೆಟ್ಟಿದೆ ಎಂಬುದು ಸತ್ತ ಮೀನು ತೇಲುವ ಮೊದಲೇ ಗೊತ್ತಾಗುತ್ತದೆ. ಒಂದು ಮೀನು ಮೇಲ್ಮೂಲೆಯಲ್ಲಿ ಹೀಟರ್ ಹಿಂದೆ ಅಂಟಿಕೊಂಡಂತೆ ನಿಂತಿದ್ದರೆ, ಆಹಾರ ಹಾಕಿದಾಗಲೂ ಕೆಳಗಿಳಿಯದಿದ್ದರೆ, ಬಾಲದ ಅಂಚು ದಿನೇ ದಿನೇ ಸವೆಯುತ್ತಿದ್ದರೆ ಅದಕ್ಕೆ ಪೆಟ್ಟು ಬೀಳುತ್ತಿದೆ ಎಂದೇ ತಿಳಿಯಬೇಕು. ಯೆಲ್ಲೋ ಲ್ಯಾಬ್ ಹೆಣ್ಣು ಗಂಟಲು ಉಬ್ಬಿಸಿಕೊಂಡು ಆಹಾರ ಬಿಟ್ಟು ನಿಂತಿದ್ದರೆ ಮಾತ್ರ ಅದು ಬೇರೆ ಸಂಗತಿ. ಬಾಯಲ್ಲಿ ಮೊಟ್ಟೆಯಿಟ್ಟುಕೊಂಡು ಸುಮಾರು ಮೂರು ವಾರ ಉಪವಾಸವಿರುವ ತಾಯಿ ಅದು. ಪೆಟ್ಟು ತಿನ್ನುವ ಮೀನನ್ನು ಬೇರೆಡೆ ಇಟ್ಟು, ಕಲ್ಲುಗಳ ಜಾಗ ಬದಲಿಸಿದರೆ ಹಳೆಯ ಗಡಿಗಳು ಅಳಿಸಿ ಹೋಗಿ ಎಲ್ಲವೂ ಹೊಸದಾಗಿ ನೆಲೆ ಹುಡುಕಬೇಕಾಗುತ್ತದೆ. ಹೊಸ ಮೀನು ಬಿಡುವಾಗಲೂ ಇದೇ ಉಪಾಯ.

ತೊಟ್ಟಿ ತಂದ ದಿನವೇ ಮೀನು ಬಿಡುವುದು ಅಂಗಡಿಯವರಿಗೆ ಅನುಕೂಲ, ಮೀನಿಗಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟು ಅಪಾಯವಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಗಡಸು ನೀರಿನವರು ಇಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚಿದ್ದು, ಪಿಎಚ್ ಹೆಚ್ಚಿದಷ್ಟೂ ಅಮೋನಿಯದ ವಿಷ ಹೆಚ್ಚುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಹೀಟರ್ ಇಲ್ಲದೆ ಸಿಕ್ಲಿಡ್ ಸಾಕುವ ಮಾತೇ ಬೇಡ. ಲೀಟರಿಗೆ ಒಂದು ವ್ಯಾಟ್ ಲೆಕ್ಕ ಸರಿಹೋಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನವರಿಗೆ ಬರುವ ಕಷ್ಟವೆಂದರೆ ಕರೆಂಟ್. ಮರ ಬಿದ್ದು ಒಂದು ದಿನ ವಿದ್ಯುತ್ ಹೋದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಉಸಿರುಗಟ್ಟಿ ಸಾಯಬಹುದು. ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಮನೆಯಲ್ಲಿರಲಿ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಮೀನಿಗೆ ಆಹಾರ ಬೇಡ. ವಿದ್ಯುತ್ ಬಂದ ಮೇಲೆ ಫಿಲ್ಟರ್ ಒಳಗಿನ ಕೊಳೆತ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡಿ, ಆಮೇಲೆ ಚಾಲೂ ಮಾಡಬೇಕು.

ಆಸ್ಕರ್ ಮತ್ತು ಫ್ಲವರ್‌ಹಾರ್ನ್ ಎಂಬ ದೊಡ್ಡ ಸಿಕ್ಲಿಡ್‌ಗಳ ಬಗ್ಗೆ ಅಂಗಡಿಯವರಲ್ಲಿ ಒಂದು ಕೋರಿಕೆ. ಎರಡಂಗುಲದ ಆಸ್ಕರ್ ಮರಿ ಒಂದಡಿ ಬೆಳೆಯುವ, ಹತ್ತು ವರ್ಷ ಬದುಕಬಲ್ಲ ಮೀನೆಂದು ಹೇಳದೆ ಎರಡಡಿಯ ತೊಟ್ಟಿಯವರಿಗೆ ಮಾರುವುದು ನ್ಯಾಯವಲ್ಲ. ಫ್ಲವರ್‌ಹಾರ್ನ್ ಅಂತೂ ಒಂಟಿಯಾಗಿಯೇ ಇರಬೇಕಾದ ಮಿಶ್ರತಳಿ. ಪಾಚಿ ತಿನ್ನುತ್ತದೆಂದು ಜೊತೆಗೆ ಕಟ್ಟಿಕೊಡುವ ಸಕ್ಕರ್ ಮೀನೂ ಒಂದಡಿ ಮೀರಿ ಬೆಳೆಯುತ್ತದೆ. ಇವು ಕೈಮೀರಿದಾಗ ಜನ ಕೆರೆಗೋ ಹೊಳೆಗೋ ಬಿಟ್ಟು ಕೈತೊಳೆದುಕೊಳ್ಳುತ್ತಾರೆ, ಅದರ ಹೊರೆ ಊರಿನ ಮೀನುಗಳ ಮೇಲೆ ಬೀಳುತ್ತದೆ. ಪ್ರತಿ ತೊಟ್ಟಿಯ ಮೇಲೆ ಮೀನಿನ ಹೆಸರು, ಪೂರ್ತಿ ಬೆಳೆದಾಗಿನ ಉದ್ದ, ಬೇಕಾದ ಲೀಟರ್ ಮತ್ತು ನೀರು ಗಡಸೋ ಮೆದುವೋ ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಅಂಟಿಸಲು ಖರ್ಚೇನೂ ಇಲ್ಲ. ಜಿಲ್ಲೆಯ ಮೀನುಗಾರಿಕೆ ಇಲಾಖೆಯವರು ಇದನ್ನು ಅಂಗಡಿಗಳಿಗೆ ತಿಳಿಸಿ ಹೇಳಬೇಕು, ಸಾಕಲಾಗದ ಮೀನನ್ನು ಗ್ರಾಹಕರು ಮರಳಿ ತಂದರೆ ಕೆಲವು ಅಂಗಡಿಗಳಾದರೂ ತೆಗೆದುಕೊಳ್ಳುವ ವ್ಯವಸ್ಥೆಯಾಗಬೇಕು ಎಂದು ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಒಬ್ಬ ಅಕ್ವೇರಿಯಂ ಹವ್ಯಾಸಿ
ಹಾಸನ