ಗುಡ್ಡ ಕುಸಿಯುವ ಮೊದಲೇ ಔಷಧ ಘಟ್ಟ ಇಳಿಯಲಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಕುಮಟಾ ಕಡೆ ಮೆಡಿಕಲ್ ಶಾಪ್ ಇಟ್ಟುಕೊಂಡವನು. ನಮಗೆ ಮಾಲು ಜಾಸ್ತಿ ಬರುವುದು ಹುಬ್ಬಳ್ಳಿಯಿಂದ. ಒಂದೋ ಅರಬೈಲ್ ಘಟ್ಟ ಇಳಿದು ಅಂಕೋಲಾ ಮೇಲೆ ಬರಬೇಕು, ಇಲ್ಲವೇ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಈ ದಾರಿಗಳ ಪಾಡು ನಿಮಗೂ ಗೊತ್ತು.

2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಒಂದೇ ಹೆದ್ದಾರಿಗೆ ಒಂದು ತಿಂಗಳೊಳಗೆ ಎರಡು ಪೆಟ್ಟು. ಇಂಥ ಹೊತ್ತಿನಲ್ಲಿ ಅಕ್ಕಿ, ಬೇಳೆ ಹೇಗೋ ಹೊಂದಿಸಬಹುದು. ಇನ್ಸುಲಿನ್ನನ್ನು ಪಕ್ಕದ ಮನೆಯಿಂದ ಕಡ ತರೋಕಾಗಲ್ಲ.

ಹೊಸ ತಂತ್ರಜ್ಞಾನ ಅಂದ ಕೂಡಲೇ ಎಲ್ಲರಿಗೂ ಡ್ರೋನ್ ನೆನಪಾಗುತ್ತದೆ. ಡ್ರೋನ್ ಬೇಡ ಎನ್ನುತ್ತಿಲ್ಲ. 2021ರಲ್ಲಿ ಮಣಿಪುರದ ಲೋಕ್ಟಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು ಡ್ರೋನ್‌ನಲ್ಲಿ ಕೋವಿಡ್ ಲಸಿಕೆ ಕಳಿಸಿದ್ದರು. 15 ಕಿಲೋಮೀಟರ್ ದೂರಕ್ಕೆ ಕಾಲು ಗಂಟೆ ಸಾಕಾಯಿತು. ಆದರೆ ನಮ್ಮ ಜುಲೈ ಮಳೆ, ಗಾಳಿ, ಘಟ್ಟದ ಮಂಜಿನಲ್ಲಿ ಅದು ಹಾರಬೇಕಲ್ಲ? ಮಳೆ ಹೊಳವಾದ ಮೇಲೆ ಬಳಸಿ. ಅದನ್ನೇ ನಂಬಿ ಕೂರಬೇಡಿ.

ನಾನು ಕೇಳುವುದು ಇದಕ್ಕಿಂತ ಸಪ್ಪೆ ಕೆಲಸ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಮಳೆ ಬೀಳುತ್ತಿರುವಾಗಲೇ ಲೆಕ್ಕ ಬೆಂಗಳೂರು ತಲುಪುತ್ತದೆ. ಸರ್ಕಾರಿ ಔಷಧ ದಾಸ್ತಾನೂ ಕಂಪ್ಯೂಟರಿನಲ್ಲೇ ಇದೆ. ಆದರೆ ನಾನು ಕಂಡಂತೆ ಮಳೆ ಲೆಕ್ಕ ನೋಡುವವರು ಬೇರೆ, ಮಾತ್ರೆ ಲೆಕ್ಕ ನೋಡುವವರು ಬೇರೆ. ಈ ಎರಡನ್ನೂ ಜೋಡಿಸಿ. ಘಟ್ಟದ ಮೇಲೆ ಮಳೆ ಇಷ್ಟು ದಾಟಿತು ಎಂದ ಕೂಡಲೇ, ಕೆಳಗಿನ ಯಾವ ಆಸ್ಪತ್ರೆಯಲ್ಲಿ ಯಾವ ಔಷಧ ಹದಿನೈದು ದಿನಕ್ಕೂ ಸಾಲದು ಎಂಬ ಪಟ್ಟಿ ಔಷಧ ಉಗ್ರಾಣದವರ ಫೋನಿಗೆ ಬರಬೇಕು. ರಸ್ತೆ ತೆರೆದಿರುವಾಗಲೇ ಗಾಡಿ ಹೊರಡಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಎರಡೂ ಇಲಾಖೆಯವರನ್ನು ಒಂದೇ ಮೇಜಿಗೆ ಕರೆಯುವ ಅಧಿಕಾರ ನಿಮಗಿದೆ.

ಎಲ್ಲಾ ಔಷಧಕ್ಕೂ ಒಂದೇ ಲೆಕ್ಕ ಹಾಕಬೇಡಿ. ಮಳೆಗಾಲದಲ್ಲಿ ಹಾವು ಕಡಿತಕ್ಕೆ ಬೇಕಾಗುವ ಔಷಧ ಹೆಚ್ಚಾಗಿ ಪುಡಿಯ ರೂಪದಲ್ಲಿ ಬರುತ್ತದೆ, ತಂಪಾದ ಜಾಗದಲ್ಲಿ ಫ್ರಿಡ್ಜ್ ಇಲ್ಲದೆಯೂ ಉಳಿಯುತ್ತದೆ. ಅದನ್ನು ಮೇ ತಿಂಗಳಲ್ಲೇ ತುಂಬಿಡಬಹುದು. ಕಷ್ಟ ಇರುವುದು ಇನ್ಸುಲಿನ್‌ನದು. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಲಸಿಕೆ ಫ್ರಿಡ್ಜಿಗೆ ಇವಿನ್ ಎಂಬ ವ್ಯವಸ್ಥೆ ಇದೆ. ಒಳಗಿನ ಸೆನ್ಸರ್ ಉಷ್ಣಾಂಶ ಅಳೆಯುತ್ತಲೇ ಇರುತ್ತದೆ, ಹೆಚ್ಚು ಕಡಿಮೆಯಾದರೆ ಫೋನಿಗೆ ಸಂದೇಶ ಕಳಿಸುತ್ತದೆ. ಇನ್ಸುಲಿನ್ ಇರುವ ಫ್ರಿಡ್ಜಿಗೂ ಅಂಥದ್ದೊಂದು ಬೇಕು, ಜೊತೆಗೆ ಸೋಲಾರ್ ಬ್ಯಾಟರಿಯೂ ಬೇಕು. ನಮ್ಮ ಕಡೆ ಒಂದು ಮರ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ, ಅದರ ಹಿಂದೆಯೇ ಟವರ್ ಕೂಡ ಸಾಯುತ್ತದೆ. ಹಾಗಾಗಿ ಇಂಟರ್ನೆಟ್ ಇಲ್ಲದೆ ತೆರೆಯದ ಆ್ಯಪ್ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ವೈರ್‌ಲೆಸ್‌ನಲ್ಲಿ ಓದಿ ಹೇಳುವಷ್ಟು ಚಿಕ್ಕ ಪಟ್ಟಿ ಇರಲಿ.

ಖಾಸಗಿ ಅಂಗಡಿಗಳನ್ನೂ ಸೇರಿಸಿಕೊಳ್ಳಿ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ದಾಸ್ತಾನು ಇದ್ದೇ ಇರುತ್ತದೆ. ಪೂರ್ತಿ ಲೆಕ್ಕ ಕೇಳಿದರೆ ಕೆಲವರು ಹಿಂಜರಿಯಬಹುದು, ವ್ಯಾಪಾರದ ಗುಟ್ಟು ಅಲ್ವಾ? ಜೀವಕ್ಕೆ ಬೇಕಾದ ಹತ್ತು ಔಷಧದ ಲೆಕ್ಕ ಮಾತ್ರ ಕೇಳಿ, ಕೊಡುತ್ತೇವೆ. ಇದಕ್ಕಾಗಿ ಔಷಧ ವ್ಯಾಪಾರಿಗಳ ಸಭೆಯನ್ನು ಮೇ ತಿಂಗಳಲ್ಲೇ ಕರೆಯಿರಿ. ಜುಲೈಯಲ್ಲಿ ಕರೆದರೆ ಶಿರಸಿಯವರು ಘಟ್ಟ ಇಳಿದು ಬರುವುದೇ ಅನುಮಾನ.

ಇತಿ,
ಕರಾವಳಿಯ ಒಬ್ಬ ಔಷಧ ವ್ಯಾಪಾರಿ