ಜಪಾನ್ ಗೆಲುವನ್ನು ಪವಾಡ ಎನ್ನಬೇಡಿ

ಸಂಪಾದಕರಿಗೆ,

ಮಾನ್ಯರೇ,

ಜಪಾನ್ ಫುಟ್‌ಬಾಲ್ ತಂಡ ಹೆಸರಾಂತ ಎದುರಾಳಿಯನ್ನು ಮಣಿಸಿದಾಗಲೆಲ್ಲ ನಮ್ಮ ಕ್ರೀಡಾಪುಟಗಳಲ್ಲಿ ‘ಪವಾಡ’, ‘ಅಚ್ಚರಿ’ ಎಂಬ ತಲೆಬರಹ ಬರುವುದುಂಟು. 2022ರ ವಿಶ್ವಕಪ್‌ನಲ್ಲಿ ಜರ್ಮನಿ ಮತ್ತು ಸ್ಪೇನ್, 2023ರಲ್ಲಿ ಮತ್ತೆ ಜರ್ಮನಿ, 2025ರ ಅಕ್ಟೋಬರ್‌ನಲ್ಲಿ ಬ್ರೆಜಿಲ್. ಈ ನಾಲ್ಕೂ ಗೆಲುವಿನ ಹೊತ್ತಿಗೆ ಕೋಚ್ ಒಬ್ಬರೇ: ಹಜಿಮೆ ಮೊರಿಯಾಸು. ನಾಲ್ಕರಲ್ಲಿ ಮೂರು ಪಂದ್ಯಗಳಲ್ಲಿ ವಿರಾಮದ ವೇಳೆಗೆ ಜಪಾನ್ ಹಿಂದೆ ಬಿದ್ದಿತ್ತು. ಹೀಗೆ ಮತ್ತೆ ಮತ್ತೆ ಆಗುವುದಕ್ಕೆ ಕಾರಣ ಇರಲೇಬೇಕು. ಆ ಕಾರಣ ಅವರು ಆಟಗಾರರಾಗಿ ಮಾಡುತ್ತಿದ್ದ ಕೆಲಸದಲ್ಲೇ ಇದೆ.

1968ರಲ್ಲಿ ಹುಟ್ಟಿ ನಾಗಸಾಕಿಯಲ್ಲಿ ಬೆಳೆದ ಮೊರಿಯಾಸು 1987ರಲ್ಲಿ ಹಿರೋಷಿಮಾದ ಮಜ್ದಾ ಕಾರು ಕಂಪನಿಯ ತಂಡ ಸೇರಿದರು. ಜಪಾನಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಜೆ ಲೀಗ್ ಶುರುವಾಗುವ ಹೊತ್ತಿಗೆ ಅದೇ ತಂಡ ಸಾನ್‌ಫ್ರೆಚೆ ಹಿರೋಷಿಮಾ ಆಯಿತು. ಮಜ್ದಾದಲ್ಲಿ ಅವರನ್ನು ಕಂಡಿದ್ದ ಡಚ್ ಕೋಚ್ ಹಾನ್ಸ್ ಊಫ್ಟ್ 1992ರಲ್ಲಿ ರಾಷ್ಟ್ರೀಯ ತಂಡಕ್ಕೆ ಕರೆದಾಗ ಹೆಸರು ಓದಲೂ ಜನ ತಡವರಿಸಿದರು. ಬರೆದರೆ ಮೂರೇ ಚಿತ್ರಾಕ್ಷರ. ಎರಡರ ಮೇಲೆ ನಿಲ್ಲಿಸಿದರೆ ‘ಮೊರಿಯಾಸು ಹಜಿಮೆ’, ಒಂದರ ಮೇಲೆ ನಿಲ್ಲಿಸಿದರೆ ‘ಮೊರಿ ಹೊಯಿಚಿ’! ಜಪಾನಿಗಾಗಿ ಆಡಿದ 35 ಪಂದ್ಯಗಳಲ್ಲಿ ಅವರು ಹೊಡೆದದ್ದು ಒಂದೇ ಗೋಲು. ಗೋಲು ಹೊಡೆಯುವುದು ಅವರ ಕೆಲಸವೂ ಆಗಿರಲಿಲ್ಲ. ಡಿಫೆಂಡರ್‌ಗಳ ಮುಂದೆ ನಿಂತು, ಎದುರಾಳಿಯ ಪಾಸ್ ಎಲ್ಲಿಗೆ ಹೋಗುತ್ತದೆಂದು ಮೊದಲೇ ಊಹಿಸಿ ಚೆಂಡು ಕಸಿದು, ಹತ್ತಿರದವರಿಗೆ ಕೊಟ್ಟು, ಮತ್ತೆ ತಮ್ಮ ಜಾಗಕ್ಕೆ ಬಂದು ನಿಲ್ಲುವುದು ಅವರ ಪಾತ್ರ. ಜಪಾನಿನಲ್ಲಿ ಈ ಸ್ಥಾನದವರನ್ನು ‘ಬೊರಾಂಚಿ’ ಎನ್ನುತ್ತಾರೆ. ಬ್ರೆಜಿಲ್‌ನಿಂದ ಬಂದ ಈ ಪೋರ್ಚುಗೀಸ್ ಪದಕ್ಕೆ ಗಾಡಿಯ ಸ್ಟೀರಿಂಗ್ ಎಂಬ ಅರ್ಥವೂ ಇದೆ.

1993ರ ಅಕ್ಟೋಬರ್ 28ರಂದು ಕತಾರ್‌ನ ದೋಹಾದಲ್ಲಿ ಇರಾಕ್ ಎದುರು ನಡೆದ ಪಂದ್ಯ ಗೊತ್ತಿಲ್ಲದೆ ಇವರನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಗೆದ್ದರೆ ಜಪಾನಿಗೆ ಮೊದಲ ಬಾರಿ ವಿಶ್ವಕಪ್‌ನಲ್ಲಿ ಆಡುವ ಅವಕಾಶ. 90 ನಿಮಿಷ ಮುಗಿದಾಗ ಜಪಾನ್ 2-1ರಿಂದ ಮುಂದಿತ್ತು. ಆಗ ಇರಾಕ್‌ಗೆ ಕಾರ್ನರ್ ಸಿಕ್ಕಿತು. ನೇರ ಗೋಲಿನ ಮುಂದಕ್ಕೆ ಎತ್ತುವ ಬದಲು ಅವರು ಪಕ್ಕದಲ್ಲಿದ್ದವನಿಗೆ ಸಣ್ಣ ಪಾಸ್ ಕೊಟ್ಟು, ಅಲ್ಲಿಂದ ಕ್ರಾಸ್ ಮಾಡಿದರು. ಜಪಾನಿಗರು ಇದಕ್ಕೆ ಸಿದ್ಧರಿರಲಿಲ್ಲ. ಹೆಡರ್ ಒಳಗೆ ಹೋಯಿತು, 2-2. ಅಂಕ ಸಮವಾಗಿದ್ದರೂ ಗೋಲುಗಳ ಅಂತರದಲ್ಲಿ ಮುಂದಿದ್ದ ದಕ್ಷಿಣ ಕೊರಿಯಾ ಅಮೆರಿಕದಲ್ಲಿ ನಡೆಯಲಿದ್ದ ವಿಶ್ವಕಪ್‌ನ ಟಿಕೆಟ್ ಪಡೆಯಿತು. ಮೊರಿಯಾಸು ಆಗ ಮೈದಾನದಲ್ಲೇ ಇದ್ದರು. ಮುನ್ನಡೆಯಲ್ಲಿರುವ ತಂಡ ಕೊನೆಯ ಐದು ನಿಮಿಷದಲ್ಲಿ ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳದೆ ಮತ್ತೊಂದು ಗೋಲಿಗೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನಲ್ಲಿ ಇಂದಿಗೂ ಕೊಡುವ ಉದಾಹರಣೆ ಅದು.

ಕೋಚ್ ಆಗಿ ಅವರು ಬೆಳೆದದ್ದು ಹಿರೋಷಿಮಾದಲ್ಲೇ. 2012ರಲ್ಲಿ ಮಿಹೈಲೊ ಪೆಟ್ರೊವಿಚ್ ಅವರಿಂದ ತಂಡ ವಹಿಸಿಕೊಂಡಾಗ ಅವರ 3-4-2-1 ಜೋಡಣೆಯನ್ನು (ಹಿಂದೆ ಮೂವರು, ನಡುವೆ ನಾಲ್ವರು, ಅವರ ಮುಂದೆ ಇಬ್ಬರು, ತುದಿಯಲ್ಲಿ ಒಬ್ಬ) ಬದಲಿಸಲಿಲ್ಲ. ಹೊಸ ಕೋಚ್ ಬಂದ ಕೂಡಲೇ ಎಲ್ಲವನ್ನೂ ಕೆಡವಿ ಕಟ್ಟುವುದು ವಾಡಿಕೆ. ಇವರು ದಾಳಿಯನ್ನು ಹಾಗೇ ಉಳಿಸಿಕೊಂಡು ರಕ್ಷಣೆಯನ್ನು ಬಿಗಿ ಮಾಡಿದರು. ಚೆಂಡು ಕೈತಪ್ಪಿದೊಡನೆ ಎರಡು ಬದಿಯಲ್ಲಿ ಓಡಾಡುವ ಇಬ್ಬರೂ ವಿಂಗ್‌ಬ್ಯಾಕ್‌ಗಳು ಹಿಂದೆ ಸರಿದು ಐವರ ಸಾಲು, ಅದರ ಮುಂದೆ ನಾಲ್ವರು. ಚೆಂಡು ಸಿಕ್ಕಾಗ ಒಬ್ಬ ಬೊರಾಂಚಿ ಹಿಂದಿನ ಸಾಲಿಗೆ ಇಳಿದು ದಾರಿ ಹುಡುಕುತ್ತಾರೆ. 2012, 2013, 2015 ಹೀಗೆ ನಾಲ್ಕು ವರ್ಷದಲ್ಲಿ ಮೂರು ಲೀಗ್ ಪ್ರಶಸ್ತಿ ಬಂದವು. 2013ರಲ್ಲಿ 34 ಪಂದ್ಯಗಳಿಂದ ಬಿಟ್ಟುಕೊಟ್ಟ ಗೋಲು 29 ಮಾತ್ರ. ಗೋಲ್‌ಕೀಪರ್ ನಿಶಿಕಾವಾ ಸೇರಿ ಹಲವರನ್ನು ಎದುರಾಳಿ ಕ್ಲಬ್ ಉರಾವಾ ರೆಡ್ಸ್ ಸೆಳೆದುಕೊಂಡಿದ್ದ ವರ್ಷಗಳಿವು. 2017ರ ಜುಲೈಯಲ್ಲಿ ತಂಡ 18ರಲ್ಲಿ 17ನೇ ಸ್ಥಾನಕ್ಕೆ ಕುಸಿದಾಗ ಅವರು ಹುದ್ದೆ ಬಿಟ್ಟರು. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

2018ರ ವಿಶ್ವಕಪ್‌ನಲ್ಲಿ ಆಗಿನ ರಾಷ್ಟ್ರೀಯ ಕೋಚ್ ನಿಶಿನೊ ಅವರಿಗೆ ಸಹಾಯಕರಾಗಿದ್ದು, ಅದು ಮುಗಿದ ಮೇಲೆ ಮುಖ್ಯ ಕೋಚ್ ಆದರು. ಈಗ ‘ಪವಾಡ’ದ ವಿಷಯಕ್ಕೆ ಬರುತ್ತೇನೆ. 2022ರ ನವೆಂಬರ್ 23, ಕತಾರ್‌ನ ಖಲೀಫಾ ಕ್ರೀಡಾಂಗಣ, ಎದುರಾಳಿ ಜರ್ಮನಿ. ಮೊದಲಾರ್ಧದಲ್ಲಿ ಜಪಾನ್ ಹಿಂದೆ ನಾಲ್ವರನ್ನು ಇಟ್ಟಿತ್ತು. ಜರ್ಮನಿಯ ಎಡ ಬ್ಯಾಕ್ ರೌಮ್ ತೀರಾ ಮುಂದೆ ಬಂದು ಪಕ್ಕದ ಗೆರೆಗೆ ಅಂಟಿ ನಿಂತರೆ, ಅವರ ದಾಳಿಗಾರ ಮುಸಿಯಾಲ ಒಳಗೆ ಸರಿಯುತ್ತಿದ್ದರು. ಜಪಾನಿನ ಬಲ ಬ್ಯಾಕ್ ಸಕಾಯ್ ಯಾರನ್ನು ಹಿಡಿಯಬೇಕು? ಒಳಗಿನವನ ಕಡೆ ಹೋದರೆ ಹೊರಗೆ ರೌಮ್ ಒಬ್ಬರೇ. ಪೆನಾಲ್ಟಿ ಬಂದದ್ದೂ ಹಾಗೆ ಖಾಲಿ ಸಿಕ್ಕ ರೌಮ್ ಅವರಿಂದಲೇ. ವಿರಾಮದಲ್ಲಿ ಮೊರಿಯಾಸು ದಾಳಿಗಾರ ಕುಬೊ ಅವರನ್ನು ಹೊರತೆಗೆದು ಡಿಫೆಂಡರ್ ತೊಮಿಯಾಸು ಅವರನ್ನು ಇಳಿಸಿದರು. 0-1ರಿಂದ ಹಿಂದಿರುವಾಗ ಡಿಫೆಂಡರ್ ಇಳಿಸುವುದು ನೋಡುವವರಿಗೆ ವಿಚಿತ್ರವೆನಿಸಿರಬಹುದು. ಆದರೆ ಹಿಂದೆ ಮೂವರಾದ ಕೂಡಲೇ ಎರಡೂ ಬದಿಯ ವಿಂಗ್‌ಬ್ಯಾಕ್‌ಗಳಿಗೆ ಮುಂದೆ ಹೋಗುವ ಧೈರ್ಯ ಬಂತು, ರೌಮ್‌ಗೆ ಕಾವಲು ಸಿಕ್ಕಿತು. 57ನೇ ನಿಮಿಷಕ್ಕೆ ಮಿತೊಮಾ ಮತ್ತು ಅಸಾನೊ, 71ಕ್ಕೆ ದೋನ್, 75ಕ್ಕೆ ಮಿನಾಮಿನೊ ಬಂದರು. ಮಿನಾಮಿನೊ ಒದೆತವನ್ನು ಜರ್ಮನಿಯ ಗೋಲ್‌ಕೀಪರ್ ನೋಯರ್ ತಳ್ಳಿದರು, ಎದುರಿಗೇ ಇದ್ದ ದೋನ್ ಒಳಗೆ ಹಾಕಿದರು. 83ರಲ್ಲಿ ಡಿಫೆಂಡರ್ ಇತಾಕುರಾ ತಮ್ಮ ಅರ್ಧದಿಂದ ಉದ್ದಕ್ಕೆ ಒದ್ದ ಫ್ರೀಕಿಕ್‌ಗೆ ಅಸಾನೊ ಓಡಿ ಗೋಲು. ಎರಡೂ ಗೋಲು ಬದಲಿಯಾಗಿ ಬಂದವರವು. ಐದು ಬದಲಾವಣೆಗೆ ಅವಕಾಶವಿರುವ ನಿಯಮವನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡವರು ಆ ಟೂರ್ನಿಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಪೇನ್ ಎದುರು ಜಪಾನ್ ಚೆಂಡನ್ನು ಇಟ್ಟುಕೊಂಡದ್ದು ಶೇ 18ಕ್ಕಿಂತ ಕಡಿಮೆ. ಮೊದಲಾರ್ಧದಲ್ಲಿ ಹಿಂದಿನ ಮೂವರಿಗೂ ಹಳದಿ ಕಾರ್ಡ್. ಆದರೂ ವಿರಾಮದ ನಂತರ ದೋನ್, ಮಿತೊಮಾ ಇಳಿದದ್ದೇ ಮುಂದಿನ ಸಾಲು ಕಾಯುವುದನ್ನು ಬಿಟ್ಟು ಸ್ಪೇನ್ ಗೋಲ್‌ಕೀಪರ್ ತನಕ ನುಗ್ಗತೊಡಗಿತು. 48ನೇ ನಿಮಿಷದಲ್ಲಿ ಒಂದು ಗೋಲು, 51ರಲ್ಲಿ ಇನ್ನೊಂದು. ಆಮೇಲೆ ಮತ್ತೆ ಐವರ ಸಾಲು, 2-1. 29 ವರ್ಷ ಹಿಂದೆ ಕೈಜಾರಿದ ಅದೇ ಅಂತರವನ್ನು, ಅದೇ ಕತಾರ್‌ನಲ್ಲಿ, ಈ ಸಲ ಕೊನೆಯವರೆಗೆ ಹಿಡಿದುಕೊಂಡರು.

ಅವರ ತಪ್ಪುಗಳನ್ನೂ ಪತ್ರಿಕೆ ಬರೆಯಬೇಕು. ಜರ್ಮನಿಯನ್ನು ಸೋಲಿಸಿದ ಹನ್ನೊಂದರಲ್ಲಿ ಐವರನ್ನು ಬದಲಿಸಿ ಕೋಸ್ಟರಿಕಾ ಎದುರು ಆಡಿಸಿದರು. ಆ ತಂಡ ಹಿಂದೆ ಕೂತು ಕಾಯಿತು, ಜಪಾನಿಗೆ ಓಡಲು ಜಾಗವೇ ಸಿಗದೆ 0-1. ಕ್ರೊವೇಷಿಯಾ ಎದುರಿನ ಪೆನಾಲ್ಟಿಗಳಲ್ಲಿ ಯಾರು ಒದೆಯಬೇಕೆಂದು ಮೊದಲೇ ಗೊತ್ತುಮಾಡದೆ, ಮನಸ್ಸಿದ್ದವರು ಮುಂದೆ ಬರಲಿ ಎಂದು ಬಿಟ್ಟರು. 120 ನಿಮಿಷ ಓಡಿದ ಕಾಲುಗಳಿಗೆ, ಆ ಗಳಿಗೆಯಲ್ಲಿ, ಈ ನಿರ್ಧಾರದ ಭಾರವನ್ನೂ ಹೊರಿಸಬಾರದಿತ್ತು. ನಾಲ್ಕರಲ್ಲಿ ಮೂರು ಒದೆತಗಳನ್ನು ಕ್ರೊವೇಷಿಯಾದ ಗೋಲ್‌ಕೀಪರ್ ಲಿವಾಕೊವಿಚ್ ತಡೆದರು. 2024ರ ಫೆಬ್ರುವರಿಯಲ್ಲಿ ಏಷ್ಯಾ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಇರಾನ್ ಎತ್ತರದ ಚೆಂಡುಗಳನ್ನು ಸುರಿಯುತ್ತಿದ್ದಾಗ ಇತಾಕುರಾ ಪರದಾಡುತ್ತಿದ್ದುದು ಟಿವಿ ಮುಂದೆ ಕೂತವರಿಗೂ ಕಾಣುತ್ತಿತ್ತು. ಬೆಂಚಿನಿಂದ ನೆರವು ಬರಲಿಲ್ಲ, 90 ನಿಮಿಷದ ಮೇಲೆ ರೆಫರಿ ಸೇರಿಸಿದ ನಿಮಿಷಗಳಲ್ಲಿ ಬಂದ ಪೆನಾಲ್ಟಿಯಲ್ಲಿ ಪಂದ್ಯ ಹೋಯಿತು.

ಆಮೇಲೆ ಅವರು ಹಿರೋಷಿಮಾದ 3-4-2-1ಕ್ಕೆ ಮರಳಿ, ವಿಂಗ್‌ಬ್ಯಾಕ್ ಜಾಗಕ್ಕೆ ಮಿತೊಮಾ, ದೋನ್‌ರಂಥ ದಾಳಿಗಾರರನ್ನೇ ನಿಲ್ಲಿಸಿದರು. ಚೀನಾ ಎದುರು 7-0. 2025ರ ಮಾರ್ಚ್ 20ರಂದು ಬಹ್ರೇನನ್ನು 2-0ರಿಂದ ಸೋಲಿಸಿ, ಆತಿಥೇಯರನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಮೊದಲ ತಂಡ ಜಪಾನ್ ಆಯಿತು.

ಸಂಪಾದಕರಲ್ಲಿ ಒಂದು ವಿನಂತಿ. ಜಪಾನ್ ಪಂದ್ಯದ ವರದಿಯಲ್ಲಿ ಗೋಲು ಹೊಡೆದವರ ಹೆಸರಿನ ಕೆಳಗೆ ಯಾವ ನಿಮಿಷದಲ್ಲಿ ಯಾರು ಹೋಗಿ ಯಾರು ಬಂದರೆಂಬುದನ್ನೂ ಎರಡು ಸಾಲಿನಲ್ಲಿ ಅಚ್ಚುಹಾಕಿ. ಕ್ರಿಕೆಟ್ ಸ್ಕೋರುಪಟ್ಟಿಗೆ ಕೊಡುವ ಜಾಗದ ಕಾಲು ಭಾಗ ಸಾಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಬೆಂಗಳೂರು